ವೈರ್ ಕಿತ್ತ ವಿಮರ್ಶಕ

ಚರ್ಚ್ ಸ್ಟ್ರೀಟಿನ ಆ ವಿಡಿಯೊ ಇನ್ನೂ ಓಡಾಡುತ್ತಲೇ ಇದೆ. 2025ರ ಫೆಬ್ರುವರಿ 9, ಭಾನುವಾರ. ಇಂಗ್ಲೆಂಡಿನ ಪಾಪ್ ಗಾಯಕ ಎಡ್ ಶೀರನ್ ರಸ್ತೆ ಬದಿ ಗಿಟಾರ್ ಹಿಡಿದು ‘ಶೇಪ್ ಆಫ್ ಯೂ’ ಹಾಡುತ್ತಿದ್ದಾನೆ. ಪೊಲೀಸಪ್ಪ ಬರುತ್ತಾರೆ. ವೈರ್ ಕೀಳುತ್ತಾರೆ. ಮುಗೀತು.

ಅವತ್ತು ಊರಿಗೆ ಊರೇ ಅವರನ್ನು ಬೈದಿತು. ಬೆಂಗಳೂರಿನ ಮಾನ ಹೋಯಿತು, ಲಂಡನ್ನಿನಲ್ಲಿ ತಲೆ ಎತ್ತಿಕೊಂಡು ಓಡಾಡೋದು ಹೇಗೆ ಅಂತ ಜಯನಗರದವರೆಲ್ಲ ಕೊರಗಿದರು. ನಾನೊಬ್ಬ ಮಾತ್ರ ಮನಸ್ಸಿನಲ್ಲೇ ಅವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದೆ. ಆ ಹಾಡನ್ನು 2017ರಿಂದ ಯಾರಿಗೂ ನಿಲ್ಲಿಸಲು ಆಗಿರಲಿಲ್ಲ. ಜಿಮ್ಮಿನಲ್ಲಿ ಅದೇ, ಮಾಲ್‌ನ ಲಿಫ್ಟಿನಲ್ಲಿ ಅದೇ, ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಪ್ಯಾಂಟು ಸೊಂಟಕ್ಕೆ ಏರದೆ ಒದ್ದಾಡುವಾಗಲೂ ಅದೇ. ಎಂಟು ವರ್ಷ ಜಗತ್ತಿನ ಯಾವ ಸಂಗೀತ ವಿಮರ್ಶಕನಿಂದಲೂ ಆಗದ ಕೆಲಸವನ್ನು ನಮ್ಮ ಪೊಲೀಸಪ್ಪ ಎರಡು ಬೆರಳಲ್ಲಿ ಮುಗಿಸಿದರು.

ಪರ್ಮಿಷನ್ ಇತ್ತು, ಆ ಜಾಗ ಮೊದಲೇ ಗೊತ್ತು ಮಾಡಿದ್ದು ಅಂತ ಶೀರನ್ ಕಡೆಯವರು. ಕೇಳಿದ್ದರು, ನಾವೇ ಕೊಡಲಿಲ್ಲ, ಅಲ್ಲಿ ಜನ ಜಾಸ್ತಿ ಸೇರ್ತಾರೆ ಅಂತ ಪೊಲೀಸರು. ಇಬ್ಬರ ಮಾತೂ ನಿಜ ಇರಬಹುದು. ನಮ್ಮ ಊರಲ್ಲಿ ಪರ್ಮಿಷನ್ ಅನ್ನೋದು ಒಂದೇ ಹೊತ್ತಿಗೆ ಇರಲೂಬಹುದು, ಇಲ್ಲದೆಯೂ ಇರಬಹುದು. ಮನೆ ಕಟ್ಟಿಸಿದವರನ್ನು ಕೇಳಿ ನೋಡಿ.

ಶೀರನ್ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಮನುಷ್ಯ. ಗಲಾಟೆ ಮಾಡಲಿಲ್ಲ, ಗಿಟಾರ್ ಎತ್ತಿಕೊಂಡು ಹೋದ. ಆದರೆ ಅವನ ಹಾಡು ಮಾತ್ರ ಮದುವೆ ಮನೆಯ ಮೂರನೇ ಪಂಕ್ತಿಗೆ ಬಡಿಸುವ ತಿಳಿಸಾರು. ಬಿಸಿ ಇರುತ್ತದೆ, ಉಪ್ಪು ಸರಿ ಇರುತ್ತದೆ, ಎಲೆ ಎತ್ತಿದ ಮೇಲೆ ಏನು ತಿಂದೆ ಅಂತ ನೆನಪಿರುವುದಿಲ್ಲ. ಇದನ್ನು ಆಫೀಸಿನಲ್ಲಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಒಬ್ಬಳು ಹುಡುಗಿ ‘ಸಾರ್, ನಿಮಗೆ ವಯಸ್ಸಾಯ್ತು’ ಅಂದುಬಿಟ್ಟಳು. ವಯಸ್ಸಾಗಿರುವುದೂ ನಿಜ, ಸಾರು ತಿಳಿಯಾಗಿರುವುದೂ ನಿಜ.

ಅಂದಹಾಗೆ, ನ್ಯೂಯಾರ್ಕಿನಲ್ಲಿ 2023ರಲ್ಲಿ ನಡೆದ ಕೇಸು ನೆನಪಿದೆಯಲ್ಲ? ‘ಥಿಂಕಿಂಗ್ ಔಟ್ ಲೌಡ್’ ಅನ್ನೋ ಅವನ ಹಾಡು, ಮಾರ್ವಿನ್ ಗೇ 1973ರಲ್ಲಿ ಹಾಡಿದ ‘ಲೆಟ್ಸ್ ಗೆಟ್ ಇಟ್ ಆನ್’ನಿಂದ ಕದ್ದದ್ದು ಅಂತ ದಾವೆ. ಹಾಕಿದವರು ಗೇ ಜೊತೆ ಅದನ್ನು ಬರೆದಿದ್ದ ಎಡ್ ಟೌನ್ಸೆಂಡ್ ಅವರ ವಾರಸುದಾರರು. ಶೀರನ್ ಸಾಕ್ಷಿಕಟ್ಟೆಗೆ ಗಿಟಾರ್ ಸಮೇತ ಹೋದ. ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ನುಡಿಸಿ ತೋರಿಸಿದ. ಇವು ಎಲ್ಲರ ಹಾಡಲ್ಲೂ ಇರೋವೇ, ಯಾರಪ್ಪನ ಆಸ್ತಿಯೂ ಅಲ್ಲ ಅಂತ ವಾದ. ಸೋತರೆ ಹಾಡೋದೇ ಬಿಡ್ತೀನಿ ಅಂತಲೂ ಹೇಳಿದ. ಜ್ಯೂರಿ ಅವನ ಪರ ತೀರ್ಪು ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ ಲಂಡನ್ನಿನಲ್ಲಿ ‘ಶೇಪ್ ಆಫ್ ಯೂ’ ಮೇಲಿನ ಕೇಸನ್ನೂ ಗೆದ್ದಿದ್ದ.

ತೀರ್ಪು ಸರಿಯಾಗೇ ಇದೆ. ನನಗೆ ಖುಷಿ ಕೊಟ್ಟದ್ದು ವಾದ. ನನ್ನ ಹಾಡಿನಲ್ಲಿ ಯಾರೂ ಕಾಣದಂಥದ್ದು ಏನೂ ಇಲ್ಲ ಸ್ವಾಮಿ, ಎಲ್ಲರ ಮನೆಯಲ್ಲೂ ಇರೋ ಸಾಮಾನೇ ಅಂತ ಪ್ರಮಾಣ ಮಾಡಿ ಗೆದ್ದ ಕಲಾವಿದ ಇನ್ನೆಲ್ಲಿ ಸಿಗುತ್ತಾನೆ? ಅದನ್ನೇ ನಾನು ಆಫೀಸಿನಲ್ಲಿ ಹೇಳಿದರೆ ವಯಸ್ಸಾಯ್ತಂತೆ.

ಆ ಕೇಸಿನ ಫಿರ್ಯಾದಿಗಳು ನಮ್ಮ ಕಡೆ ಹುಟ್ಟದೇ ಇದ್ದದ್ದು ಪುಣ್ಯ. ಸಂಗೀತ ಕಲಿಯುವವರ ಮೊದಲ ಪಾಠವಾದ ಸರಳೆ ವರಸೆಗೆ ಮಾಯಾಮಾಳವಗೌಳ ರಾಗ ಗೊತ್ತು ಮಾಡಿದವರು ಪುರಂದರದಾಸರು ಅಂತ ನಮ್ಮಲ್ಲಿ ನಂಬಿಕೆ. ಅವರ ಕಡೆಯವರು ಯಾರಾದರೂ ಒಬ್ಬ ವಕೀಲನನ್ನು ಹಿಡಿದಿದ್ದರೆ ಮೈಸೂರಿನಿಂದ ತಂಜಾವೂರಿನವರೆಗೆ ಸಂಗೀತದ ಮೇಷ್ಟ್ರುಗಳ ಮನೆಗಳೆಲ್ಲ ಜಪ್ತಿ ಆಗುತ್ತಿದ್ದವು. ದಾಸರು ತಂಬೂರಿ ಹಿಡಿದರೇ ಹೊರತು ಕಾಪಿರೈಟ್ ಹಿಡಿಯಲಿಲ್ಲ. ಅವರೂ ಬೀದಿಯಲ್ಲಿ ಹಾಡಿದವರೇ ಅಲ್ವಾ? ಪರ್ಮಿಷನ್ ಲೆಟರ್ ಎಲ್ಲಿ ಅಂತ ಯಾರೂ ಕೇಳಿದ ಹಾಗಿಲ್ಲ.

ಚರ್ಚ್ ಸ್ಟ್ರೀಟಿನಲ್ಲಿ ವೈರ್ ಕಿತ್ತ ದಿನ ಸಂಜೆ ತುಮಕೂರು ರಸ್ತೆಯ ಮಾದಾವರದಲ್ಲಿ ಶೀರನ್ ಕಾರ್ಯಕ್ರಮ ಇತ್ತು. ಅಲ್ಲಿ ಶಿಲ್ಪಾ ರಾವ್ ವೇದಿಕೆ ಹತ್ತಿದರು, ಇಬ್ಬರೂ ಸೇರಿ ‘ದೇವರ’ ಸಿನಿಮಾದ ತೆಲುಗು ಹಾಡು ಹಾಡಿದರು. ಸರಿ, ಬೆಳಗ್ಗೆ ಪೊಲೀಸರಿಗೆ ಬೈದ ಬಾಯಿಗಳು ರಾತ್ರಿ ಶೀರನ್ ಕಡೆ ತಿರುಗಿದವು. ಬೆಂಗಳೂರಿಗೆ ಬಂದು ತೆಲುಗಾ? ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಬೇಡಿಕೆ ಎಷ್ಟು ಅಗ್ಗದ್ದು ಅಂತ ಒಮ್ಮೆ ಯೋಚಿಸಿ. ಹೊರಗಿನ ಗಾಯಕ ಯಾರೇ ಬಂದರೂ ‘ನಮಸ್ಕಾರ ಬೆಂಗಳೂರು’ ಅಂದರೆ ಸಾಕು, ಶಿಳ್ಳೆಗೆ ಶಾಮಿಯಾನ ಹಾರುತ್ತದೆ. ‘ಊಟ ಆಯ್ತಾ’ ಅಂದುಬಿಟ್ಟರೆ ಅಕ್ಕಪಕ್ಕದವರು ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ಅವನು ಎರಡು ಗಂಟೆ ಅಪಸ್ವರದಲ್ಲಿ ಹಾಡಿದರೂ ಅವನು ನಮ್ಮವನೇ. ಶ್ರುತಿ ತಪ್ಪಿತು ಅಂತ ಯಾರಾದರೂ ಜಗಳ ಆಡಿದ್ದು ನೋಡಿದ್ದೀರಾ? ಸಾವಿರಾರು ರೂಪಾಯಿ ಟಿಕೆಟ್ ತೆತ್ತು, ಇಡೀ ಹೊತ್ತು ಫೋನು ಎತ್ತಿ ಹಿಡಿದು, ಮುಂದಿನವನ ಫೋನಿನಲ್ಲಿ ಹಾಡು ನೋಡಿ ಬಂದವರಿಗೆ ಶ್ರುತಿ ಯಾಕೆ?

ಇನ್ನು ನಮ್ಮದೇ ಸಂಗೀತದ ವಿಷಯ. ನವೆಂಬರ್ ಬಂದರೆ ಗೊತ್ತಲ್ಲ. ರಾಜ್ಯೋತ್ಸವ ಕ್ಯಾಲೆಂಡರಿನಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಸಂಕ್ರಾಂತಿಯವರೆಗೆ. ಅಡ್ಡರಸ್ತೆಗೆ ಅಡ್ಡಲಾಗಿ ಕಬ್ಬಿಣದ ಪೈಪಿನ ಸ್ಟೇಜು. ಹಿಂದೆ ಫ್ಲೆಕ್ಸು. ಅದರಲ್ಲಿ ಮೇಲಿನ ಮೂಲೆಯಲ್ಲಿ ಭುವನೇಶ್ವರಿ ಚಿಕ್ಕದಾಗಿ, ಮಧ್ಯದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಅಣ್ಣ ದೊಡ್ಡದಾಗಿ, ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಇಪ್ಪತ್ತು ಹುಡುಗರು. ಆರ್ಕೆಸ್ಟ್ರಾ ಶುರುವಾಗುವುದು ಏಳಕ್ಕೆ ಅಂತ ಇರುತ್ತದೆ. ಒಂಬತ್ತರವರೆಗೆ ಗಣ್ಯರಿಗೆ ಹಾರ. ಆಮೇಲೆ ‘ಹಲೋ, ಮೈಕ್ ಚೆಕ್, ಬೇಸ್ ಸ್ವಲ್ಪ ಜಾಸ್ತಿ ಮಾಡಣ್ಣ’. ಅಣ್ಣ ಮಾಡುತ್ತಾನೆ. ಎದುರು ಮನೆಯ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಗಳು ತಾಳ ಹಾಕುತ್ತವೆ.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ ಹರಿದಿನಕ್ಕೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಬಿಡಬಹುದು. ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬೆಲ್. ನಮ್ಮ ಫ್ರಿಜ್ಜು ಗುರ್ ಅನ್ನುವುದೇ ಅದರ ಹತ್ತಿರ ಹತ್ತಿರ ಇರುತ್ತದೆ. ಸ್ಟೇಜಿನ ಎರಡೂ ಕಡೆ ಆಳೆತ್ತರ ಪೇರಿಸಿದ ಡಬ್ಬಗಳಿಗೆ ಆ ಸಂಖ್ಯೆ ಯಾರೂ ಹೇಳಿದ ಹಾಗಿಲ್ಲ.

ಹತ್ತೂವರೆಗೆ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ. ನೀಲಿ ಕೆಂಪು ದೀಪ ಸ್ಟೇಜಿನ ದೀಪದ ಜೊತೆ ಸೇರಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆಯೋಜಕರು ಓಡಿ ಹೋಗಿ ‘ಸಾರ್, ಕೊನೇ ಹಾಡು ಸಾರ್’ ಅನ್ನುತ್ತಾರೆ. ಕೊನೇ ಹಾಡು ಮುಗಿದು, ಕೊನೇ ಹಾಡಿನ ನಂತರದ ಹಾಡು ಮುಗಿದು, ಅಭಿಮಾನಿಗಳ ಕೋರಿಕೆಯ ಹಾಡು ಶುರುವಾಗುತ್ತದೆ. ಕಾನ್‌ಸ್ಟೆಬಲ್ಲು ಗಾಡಿಗೆ ಒರಗಿ ನಿಂತು ಕಾಲಲ್ಲಿ ತಾಳ ಹಾಕುತ್ತಿರುತ್ತಾರೆ. ಪಾಪ, ಅವರಿಗೂ ಮೇಲಿನಿಂದ ಫೋನ್ ಬಂದಿರುತ್ತದೆ. ವೈರು ಅಲ್ಲೇ ಕಾಲ ಬುಡದಲ್ಲೇ ಇರುತ್ತದೆ.

ಶೀರನ್‌ಗೆ ಯಾರೋ ಸರಿಯಾಗಿ ಹೇಳಿಕೊಟ್ಟಿಲ್ಲ. ಒಂದು ಗಣಪತಿ ಕೂರಿಸಿ, ಹಿಂದೆ ಲೋಕಲ್ ಲೀಡರ್ ಫೋಟೊ ಹಾಕಿಸಿ ಕೂತಿದ್ದರೆ ಮೂರು ದಿನ ಹಾಡಬಹುದಿತ್ತು. ಪೊಲೀಸರೇ ಬ್ಯಾರಿಕೇಡ್ ಹಾಕಿ ಟ್ರಾಫಿಕ್ ಬೇರೆ ಕಡೆ ತಿರುಗಿಸುತ್ತಿದ್ದರು.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ಆ ‘ಜನ ಜಾಸ್ತಿ ಸೇರ್ತಾರೆ’ ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದು ಗಿಟಾರಿಗೆ ಜನ ಸೇರ್ತಾರೆ ಅಂತ ಫೆಬ್ರುವರಿಯಲ್ಲಿ ಈ ಊರಿಗೆ ಗೊತ್ತಿತ್ತು. ಜೂನ್ 4ರಂದು, ಅಲ್ಲಿಂದ ನಡೆದು ಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಸಂಭ್ರಮದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಅವತ್ತು ಜನ ಸೇರ್ತಾರೆ ಅಂತ ಯಾರಿಗೂ ಹೊಳೆಯಲಿಲ್ಲವೇ? ನಮ್ಮ ಎಚ್ಚರಿಕೆ ಎಲ್ಲ ಚಿಕ್ಕ ಶಬ್ದಕ್ಕೆ ಮಾತ್ರ. ದೊಡ್ಡ ಶಬ್ದ ಬಂದಾಗ ಅಧಿಕಾರದಲ್ಲಿರುವವರು ಸ್ಟೇಜಿನ ಮೇಲೆ ಫೋಟೊಗೆ ನಿಂತಿರುತ್ತಾರೆ. ಇದನ್ನು ಬರೆದು ಬರೆದು ಸಾಕಾಗಿದೆ.

ಇನ್ನೊಂದು. ಮಾರ್ಕೆಟ್ ಹತ್ತಿರ, ಬಸ್ ಸ್ಟ್ಯಾಂಡ್ ಹೊರಗೆ ಕಣ್ಣು ಕಾಣದವರು ಹಾಡುತ್ತಿರುತ್ತಾರಲ್ಲ, ನೀವೂ ನೋಡಿರುತ್ತೀರಿ. ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಕ್ಯಾಸಿಯೊ, ಸ್ಕೂಟರ್ ಬ್ಯಾಟರಿಗೆ ಸಿಕ್ಕಿಸಿದ ಒಂದು ಸ್ಪೀಕರು, ಮುಂದೆ ಬೀಗ ಹಾಕಿದ ಡಬ್ಬಿ. ಒಬ್ಬರು ರಾಜ್‌ಕುಮಾರ್ ಹಾಡು ಹಿಡಿದರೆ ಪಕ್ಕದಲ್ಲಿ ಕೂತ ಹೆಂಗಸು ಜಾನಕಿಯಮ್ಮನ ಭಾಗ ಎತ್ತಿಕೊಳ್ಳುತ್ತಾರೆ. ಎದುರಿನ ಅಂಗಡಿಯವರಿಗೆ ಕಿರಿಕಿರಿ ಆಗಿ ಒಂದು ಮಾತು ಹೇಳಿದರೆ ಸಾಕು, ಅವರು ಕುರ್ಚಿ ಎತ್ತಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಮುಂದಿನ ಸರ್ಕಲ್‌ಗೆ ಹೋಗಬೇಕು. ಅದರ ವಿಡಿಯೊ ಯಾರೂ ಮಾಡುವುದಿಲ್ಲ. ಬೆಂಗಳೂರಿನ ಮಾನ ಅದರಲ್ಲಿ ಹೋಗುವುದಿಲ್ಲವಂತೆ. ನನ್ನ ಕಿವಿಗೆ ಅವರ ‘ಸಾ’ ಮಾದಾವರದ ಬಹಳಷ್ಟು ಗಾಯಕರ ‘ಸಾ’ಗಿಂತ ಗಟ್ಟಿ.

ಸರಿ, ಬೈಸಿಕೊಳ್ಳುವುದು ಹೇಗೂ ಇದೆ, ಇನ್ನೆರಡು ಹೇಳಿ ಮುಗಿಸುತ್ತೇನೆ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂತು. ಮನೋಮೂರ್ತಿ, ಜಯಂತ ಕಾಯ್ಕಿಣಿ, ಸೋನು ನಿಗಮ್. ಚೆನ್ನಾಗಿತ್ತು, ನಾನೂ ತೊಯ್ದೆ. ಆದರೆ ಅದಾದ ಮೇಲೆ ಹಲವಾರು ವರ್ಷ ಕನ್ನಡದ ಹೀರೋಗಳಿಗೆಲ್ಲ ಒಂದೇ ಗಂಟಲು. ಅರ್ಧ ಸಿನಿಮಾ ಮಚ್ಚು ಹಿಡಿದು ‘ಲೇಯ್’ ಅನ್ನುತ್ತಿದ್ದವನು, ಹಾಡು ಬಂದ ಕೂಡಲೇ ಜ್ವರ ಬಿಟ್ಟೆದ್ದವರ ದನಿಯಲ್ಲಿ ಮಳೆಹನಿಗೆ ಅಪ್ಲಿಕೇಶನ್ ಹಾಕುತ್ತಿದ್ದ. ಇದನ್ನು ಆಗ ಹೇಳಿದ್ದರೆ ರಸಿಕತೆ ಇಲ್ಲದವನು ಅನ್ನುತ್ತಿದ್ದರು. 2025ರಲ್ಲಿ ಸೋನು ನಿಗಮ್ ವೇದಿಕೆಯ ಮೇಲೆ, ಕನ್ನಡ ಹಾಡು ಹಾಡಿ ಅಂದವರಿಗೆ ಆಡಬಾರದ್ದು ಆಡಿದ ಮೇಲೆ ಎಲ್ಲರೂ ಒಂದೇ ರಾತ್ರಿಯಲ್ಲಿ ವಿಮರ್ಶಕರಾದರು. ಮಾತಿಗೆ ಸಿಟ್ಟು ಬಂದದ್ದು ಸರಿಯೇ. ಆದರೆ ‘ಮೊದಲಿಂದಲೂ ಅವನ ಉಚ್ಚಾರಣೆ ನನಗೆ ಹಿಡಿಸ್ತಿರಲಿಲ್ಲ’ ಅಂದವರಿದ್ದಾರಲ್ಲ, ಅವರ ರಿಂಗ್‌ಟೋನ್ ನನಗೆ ಗೊತ್ತು.

ಹಾಗಂತ ‘ಆಗಿನ ಹಾಡು ಆಗಿನದ್ದೇ’ ಅನ್ನುವ ನನ್ನ ವಯಸ್ಸಿನವರ ಗುಂಪಿಗೂ ನಾನು ಸೇರುವುದಿಲ್ಲ. ಕೆಟ್ಟ ಹಾಡು ಆಗಲೂ ಬೇಕಾದಷ್ಟಿದ್ದವು. ರೇಡಿಯೊದಲ್ಲಿ ಬಂದಾಗ ಎದ್ದು ಹೋಗಿ ಹಾಲು ಕಾಯಿಸುತ್ತಿದ್ದೆವು. ಅವು ಮರೆತುಹೋದವು, ಪಿ.ಬಿ. ಶ್ರೀನಿವಾಸ್ ಉಳಿದುಕೊಂಡರು, ಅಷ್ಟೇ.

ಈಗಿನದ್ದಕ್ಕೆ ಮರೆಯಲು ಸಮಯವೇ ಕೊಡುವುದಿಲ್ಲ. ಮೊದಲು ಹಾಡು ಬರುವ ತಾರೀಖಿನ ಪೋಸ್ಟರು. ಆಮೇಲೆ ಹಾಡಿನ ಟೀಸರು. ಆಮೇಲೆ ಲಿರಿಕಲ್ ವಿಡಿಯೊ. ಬಂದ ಮೇಲೆ ರಾಗ ಯಾವುದು, ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ, ಎಷ್ಟು ಗಂಟೆಯಲ್ಲಿ ಎಷ್ಟು ವ್ಯೂಸ್ ಅನ್ನುವುದೊಂದೇ ಲೆಕ್ಕ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹುಡುಗ ಇದ್ದಾನೆ. ತನ್ನ ಹೀರೋನ ಹಾಡು ಬಂದ ದಿನ ಮನೆಯ ನಾಲ್ಕು ಫೋನು, ಅಪ್ಪನ ಲ್ಯಾಪ್‌ಟಾಪು, ಹಾಲ್‌ನ ಟಿವಿ ಎಲ್ಲದರಲ್ಲೂ ಅದನ್ನು ಒಟ್ಟಿಗೆ ಹಾಕಿ, ಎಲ್ಲವನ್ನೂ ಮ್ಯೂಟ್ ಮಾಡಿ ಟ್ಯೂಷನ್‌ಗೆ ಹೋಗುತ್ತಾನೆ. ಲಿಫ್ಟಿನಲ್ಲಿ ಸಿಕ್ಕಾಗ ‘ಹಾಡು ಹೇಗಿದೆಯಪ್ಪಾ?’ ಅಂತ ಕೇಳಿದೆ.

‘ಟ್ರೆಂಡಿಂಗ್ ನಂಬರ್ ಒನ್ ಅಂಕಲ್! ಬೆಂಕಿ!’ ಅಂದ. ‘ನಾನಿನ್ನೂ ಕೇಳಿಲ್ಲ.’