ಬೇಗ ಸತ್ತವರ ಉಳಿತಾಯ ಖಾತೆ

ತಂಬಾಕು ಕಂಪನಿಗಳಷ್ಟು ಪರೋಪಕಾರಿಗಳು ಭೂಮಿಯ ಮೇಲೆ ಬೇರೆ ಯಾರೂ ಇರಲಾರರು. ಧೂಮಪಾನ ನಿಯಂತ್ರಿಸುವ ಮಸೂದೆ ಎಲ್ಲಿ ತಲೆಯೆತ್ತಿದರೂ ಕರೆಯದೆಯೇ ಹಾಜರಾಗುತ್ತಾರೆ. ಒಂದು ಕೈಯಲ್ಲಿ ರೈತನ ಕಣ್ಣೀರು, ಇನ್ನೊಂದರಲ್ಲಿ ಚಿಲ್ಲರೆ ವ್ಯಾಪಾರಿಯ ಗೋಳು, ಕಂಕುಳಲ್ಲಿ ಕಳ್ಳಸಾಗಣೆಯ ಗುಮ್ಮ. ಪಾಪ, ಸೇದುವವನ ಶ್ವಾಸಕೋಶವನ್ನು ಹಿಡಿದುಕೊಳ್ಳಲು ಕೈ ಬಿಡುವಿರುವುದಿಲ್ಲ.

ಸರ್ಕಾರಿ ಬೊಕ್ಕಸದ ಮೇಲಂತೂ ಇವರಿಗೆ ಎಲ್ಲಿಲ್ಲದ ಅಕ್ಕರೆ. 2001ರಲ್ಲಿ ಜೆಕ್ ಗಣರಾಜ್ಯ ಅದರ ರುಚಿ ಕಂಡಿತು. ಸಿಗರೇಟಿನಿಂದ ಸರ್ಕಾರಕ್ಕೆ ನಷ್ಟ ಎಂಬ ಆರೋಪವನ್ನು ತೊಳೆದುಕೊಳ್ಳಲು ಫಿಲಿಪ್ ಮೋರಿಸ್ ಕಂಪನಿಯು ಆರ್ಥರ್ ಡಿ. ಲಿಟ್ಲ್ ಎಂಬ ಸಲಹಾ ಸಂಸ್ಥೆಯಿಂದ ಲೆಕ್ಕ ಹಾಕಿಸಿತು. 1999ರ ಒಂದೇ ವರ್ಷದಲ್ಲಿ ಸರ್ಕಾರಕ್ಕೆ ನಿವ್ವಳ ಲಾಭ ಸುಮಾರು 580 ಕೋಟಿ ಕೊರುನಾ! ಆದಾಯದ ಬಹುಪಾಲು ತೆರಿಗೆಯದೇ, ಸರಿ. ಆದರೆ ಜಮಾ ಪಟ್ಟಿಯಲ್ಲಿ ಇನ್ನೊಂದು ಬಾಬತ್ತೂ ಇತ್ತು: ಸೇದುವವರು ಬೇಗ ಸಾಯುವುದರಿಂದ ಉಳಿಯುವ ಪಿಂಚಣಿ, ಔಷಧೋಪಚಾರ ಮತ್ತು ವೃದ್ಧರ ವಸತಿಯ ಖರ್ಚು. ಸತ್ತವನು ಪಿಂಚಣಿ ಕೇಳಲು ಸಾಲಿನಲ್ಲಿ ನಿಲ್ಲುವುದಿಲ್ಲವಲ್ಲ! ಇಷ್ಟು ಶುದ್ಧ ಲೆಕ್ಕಕ್ಕೆ ಸನ್ಮಾನ ಸಿಗಬೇಕಿತ್ತು; ಕೃತಜ್ಞತೆಯಿಲ್ಲದ ಜಗತ್ತು ಉಗಿದು ಉಪ್ಪಿನಕಾಯಿ ಹಾಕಿತು, ಕಂಪನಿ ಕ್ಷಮೆ ಕೇಳಿತು. ಲೆಕ್ಕ ತಪ್ಪಾಗಿದ್ದಕ್ಕೋ, ಹೊರಬಿದ್ದಿದ್ದಕ್ಕೋ?

ಹಾಗೆ ನೋಡಿದರೆ ಇದು ಈ ಉದ್ಯಮದ ಅಪರೂಪದ ಪ್ರಾಮಾಣಿಕ ದಾಖಲೆ. ಸಿಗರೇಟು ಕೊಲ್ಲುತ್ತದೆಂದು ಇನ್ನೂ ಸಾಬೀತಾಗಿಲ್ಲ ಎಂದು ದಶಕಗಟ್ಟಲೆ ವಾದಿಸಿದ ಉದ್ಯಮವಿದು. ‘ಅನುಮಾನವೇ ನಮ್ಮ ಸರಕು’ ಎಂದು ಬ್ರೌನ್ ಆ್ಯಂಡ್ ವಿಲಿಯಮ್ಸನ್ ಕಂಪನಿಯ 1969ರ ಆಂತರಿಕ ಟಿಪ್ಪಣಿಯೇ ಹೇಳುತ್ತದೆ. ನಿಕೋಟಿನ್ ಚಟ ಹಿಡಿಸುವುದೆಂದು ತಾವು ನಂಬುವುದಿಲ್ಲ ಎಂದು 1994ರಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ ಸಮಿತಿಯೆದುರು ಪ್ರಮಾಣ ಮಾಡಿ ಹೇಳಿದರು. ತೆರಿಗೆಯ ಮಾತು ಬಂದದ್ದೇ ತಡ, ಅದೇ ಸಾವು ಉಳಿತಾಯ ಯೋಜನೆಯಾಗಿಬಿಟ್ಟಿತು.

ಮನವೊಲಿಕೆ ಫಲಿಸದಿದ್ದರೆ ದಾವೆ. ಪೊಟ್ಟಣಗಳ ಮೇಲಿನ ಥಳಕು ತೆಗೆಯಲು ಆಸ್ಟ್ರೇಲಿಯ ನಿರ್ಧರಿಸಿದ ಮೇಲೆ, ಫಿಲಿಪ್ ಮೋರಿಸ್ ತನ್ನ ಆಸ್ಟ್ರೇಲಿಯ ಕಂಪನಿಯ ಒಡೆತನವನ್ನು 2011ರಲ್ಲಿ ಹಾಂಗ್‌ಕಾಂಗ್‌ನ ಸೋದರ ಸಂಸ್ಥೆಗೆ ದಾಟಿಸಿತು. ಹಾಂಗ್‌ಕಾಂಗ್‌ಗೂ ಆಸ್ಟ್ರೇಲಿಯಕ್ಕೂ ಹೂಡಿಕೆ ಒಪ್ಪಂದವಿತ್ತು ನೋಡಿ. ಕೂಡಲೇ ‘ವಿದೇಶಿ ಹೂಡಿಕೆದಾರನಿಗೆ ಅನ್ಯಾಯ’ ಎಂಬ ದೂರು ಸಿದ್ಧ. ಇದು ಹಕ್ಕಿನ ದುರುಪಯೋಗ ಎಂದು ನ್ಯಾಯಮಂಡಳಿ 2015ರಲ್ಲಿ ದಾವೆಯನ್ನು ತಳ್ಳಿಹಾಕಿತು.

ಇಷ್ಟಾದರೂ ಸೇವಾ ಮನೋಭಾವ ಬತ್ತಲಿಲ್ಲ. 2017ರಲ್ಲಿ ಧೂಮರಹಿತ ಜಗತ್ತಿಗಾಗಿ ಪ್ರತಿಷ್ಠಾನವೊಂದು ಹುಟ್ಟಿಕೊಂಡಿತು. ಹಣ ಸುರಿದದ್ದು ಇದೇ ಫಿಲಿಪ್ ಮೋರಿಸ್. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ, ಅದರೊಂದಿಗೆ ಕೈಜೋಡಿಸುವುದಿಲ್ಲ ಎಂದುಬಿಟ್ಟಿತು. ಆರೋಗ್ಯದವರಿಗೆ ಆರೋಗ್ಯದ ಬಗ್ಗೆ ಕಂಪನಿಗಿರುವಷ್ಟು ಉತ್ಸಾಹ ಎಲ್ಲಿಂದ ಬರಬೇಕು!