ಟೇಬಲ್ಲಿಗೊಂದು ಶಾಲು

ಬೇಸಿಗೆ ರಜೆಗೆ ಅಕ್ಕನ ಮಗ ಹುಬ್ಬಳ್ಳಿಯಿಂದ ಶಿರಸಿಗೆ ಬಂದಿದ್ದ. ಎರಡನೇ ದಿನಕ್ಕೇ ಬೇಜಾರು ಬಂತು. ‘ಮಾವ, ಇಲ್ಲಿ ಟೇಬಲ್ ಟೆನಿಸ್ ಆಡ್ಲಿಕ್ಕೆ ಎಲ್ಲಾದ್ರೂ ಜಾಗ ಉಂಟಾ?’ ಎಂದು ಕೇಳಿದ. ನಾನು ಎದೆಯುಬ್ಬಿಸಿ ಹೇಳಿದೆ: ‘ಇಲ್ದೆ ಏನು? ಅಂತರರಾಷ್ಟ್ರೀಯ ಅಳತೆಯ ಟೇಬಲ್ಲೇ ಇದೆ.’

ಸುಳ್ಳಲ್ಲ, ಇದೆ. ಸಾರ್ವಜನಿಕರ ದುಡ್ಡಿನಲ್ಲಿ ತಂದು ಒಂದು ಸಭಾಭವನದಲ್ಲಿ ಇಟ್ಟಿದ್ದಾರೆ. ಯಾವ ಸಭಾಭವನ ಅಂತ ಬೇಡ, ಬರುವ ವಾರ ಅಲ್ಲೇ ಮದುವೆ ಊಟಕ್ಕೆ ಹೋಗಬೇಕು. 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ. ಉದ್ಘಾಟನೆಗೆ ನಾನೂ ಹೋಗಿದ್ದೆ. ಗಣ್ಯರೊಬ್ಬರು ಬ್ಯಾಟನ್ನು ಸೌಟಿನ ಹಾಗೆ ಹಿಡಿದು ಮೂರು ಸಲ ಬೀಸಿದರು. ಮೂರನೇ ಸಲ ತಾಗಿತು. ಬಾಲ್ ಹಾರಿ, ಆಗಷ್ಟೇ ಬೆಳಗಿದ್ದ ದೀಪದ ಮೇಲೆ ಬಿತ್ತು. ಅದು ಸೆಲ್ಯುಲಾಯ್ಡ್ ಬಾಲುಗಳ ಕಾಲ. ಭರ್ ಎಂದು ಉರಿಯಿತು. ಜನ ಚಪ್ಪಾಳೆ ತಟ್ಟಿದರು, ಕಾರ್ಯಕ್ರಮದ ಭಾಗವೇ ಇರಬೇಕು ಅಂದುಕೊಂಡು. 2014ರಿಂದ ಜಗತ್ತು ಪ್ಲಾಸ್ಟಿಕ್ ಬಾಲಿಗೆ ಬದಲಾಯಿತು. ಬೇಗ ಹೊತ್ತಿಕೊಳ್ಳುತ್ತದೆ ಎಂಬ ಭಯವೂ ಅದಕ್ಕೆ ಒಂದು ಕಾರಣವಂತೆ. ಬೆಂಕಿ ಆರಿದ ಮೇಲೆ ಗಣ್ಯರು ಮೈಕ್ ಹಿಡಿದು, ‘ಈ ಮಣ್ಣಿನಿಂದ ವಿಶ್ವ ಚಾಂಪಿಯನ್ ಹುಟ್ಟಬೇಕು’ ಎಂದರು. ಎರಡನೇ ಬಾಲ್ ಇನ್ನೂ ಬಂದಿಲ್ಲ.

ನಾವು ಹೋದಾಗ ಟೇಬಲ್ ಒಳಗೆ ಇರಲಿಲ್ಲ. ಅಂಗಳದ ಬಿಸಿಲಲ್ಲಿತ್ತು. ಅದಕ್ಕೆ ಚಕ್ರ ಇದೆಯಲ್ಲ, ಬೆಳಿಗ್ಗೆ ಹೊರಗೆ ಉರುಳಿಸಿ ಸಂಜೆ ಒಳಗೆ ತರುತ್ತಾರೆ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ಸುಮ್ನೆ ಲೆಕ್ಕ ಹಾಕಿದೆ. ಸಾಲಿಗೆ 13, ಅಂಥ ಏಳು ಸಾಲು, ಒಟ್ಟು 91 ಹಪ್ಪಳ. ಹೆಂಗಸರನ್ನು ದೂರುವ ಹಾಗಿಲ್ಲ. ಇಡೀ ಊರಲ್ಲಿ ಆ ಟೇಬಲ್ಲನ್ನು ಒಂದು ಉಪಯೋಗಕ್ಕೆ ತಂದವರು ಅವರು ಮಾತ್ರ.

ಉಸ್ತುವಾರಿಯವರ ಬಾಯಲ್ಲಿ ಕವಳ ಇತ್ತು. ಮಾತಾಡುವ ಬದಲು ಗದ್ದದಿಂದಲೇ ಗೋಡೆಯ ಫಲಕ ತೋರಿಸಿದರು. ಅರ್ಜಿ, ಎರಡು ಫೋಟೊ, ಊರಿನ ಗಣ್ಯರೊಬ್ಬರ ಶಿಫಾರಸು. ವಯಸ್ಸು 14ರಿಂದ 40. ಒಬ್ಬರಿಗೆ ಅರ್ಧ ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಸಹಿ ಹಾಕದೆ ಬ್ಯಾಟ್ ಮುಟ್ಟುವಂತಿಲ್ಲ.

‘ನೆಟ್ ಎಲ್ಲಿ?’ ಎಂದ ಹುಡುಗ.

ಅವರು ಎದ್ದು ಹೋಗಿ ಉಗಿದು ಬಂದರು. ‘ನೆಟ್ಟು ನಮ್ಮನೆಲಿದ್ದು ತಮಾ. ಇಲ್ಲಿಟ್ರೆ ಇಲಿ ಕಡಿತು. ಅದ್ರಲ್ಲಿ ಮೊಗೆಕಾಯಿ ಕಟ್ಟಿ ತೂಗಹಾಕಿದ್ದೆ. ಮಳೆಗಾಲ ಮುಗಿದ ಮೇಲೆ ಬಾ.’

ಆ ರಾತ್ರಿ ನಿದ್ದೆ ಬರಲಿಲ್ಲ. ಜಗತ್ತಿನ ಚಾಂಪಿಯನ್ನುಗಳೆಲ್ಲ ಈ ಫಲಕದ ಮುಂದೆ ಸಾಲು ನಿಂತಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಹತ್ತಿತು.

ಮೊದಲು ನೀ ಶಿಯಾಲಿಯಾನ್ ಬಂದರು ಅನ್ನಿ. 1983ರಲ್ಲೇ ಚೀನಾ ಪರ ವಿಶ್ವ ಚಾಂಪಿಯನ್ ಆದವರು. ಆಮೇಲೆ ಲಕ್ಸೆಂಬರ್ಗ್ ಸೇರಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 61ನೇ ವಯಸ್ಸಿಗೆ ಒಂದು ಸುತ್ತು ಗೆದ್ದರು. ನಮ್ಮ ಉಸ್ತುವಾರಿಯವರು ಫಲಕ ನೋಡಿ, ‘ಅಮ್ಮ, 40 ದಾಟ್ತಲ್ಲ. ಬೆಳಿಗ್ಗೆ ಭಜನೆ ಇದ್ದು, ಅದಕ್ಕೆ ಬನ್ನಿ’ ಎನ್ನುತ್ತಿದ್ದರು.

ಡೆಂಗ್ ಯಾಪಿಂಗ್ ಬಂದರೆ ಕುಳ್ಳಿ ಅಂತ ಮಕ್ಕಳ ಪಾರ್ಕಿಗೆ ಕಳಿಸುತ್ತಿದ್ದರೋ ಏನೋ. ಅವರ ಎತ್ತರ ಸುಮಾರು 150 ಸೆಂಟಿಮೀಟರ್. ಚೀನಾದಲ್ಲೂ ಮೊದಲು ಎತ್ತರ ಸಾಲದು ಅಂತ ಬೇಡ ಅಂದಿದ್ದರು. ಆದರೆ ಅಲ್ಲಿಯವರಿಗೆ ತಪ್ಪು ತಿದ್ದಿಕೊಳ್ಳುವ ಬುದ್ಧಿ ಇತ್ತು. 1992 ಮತ್ತು 1996ರ ಒಲಿಂಪಿಕ್ಸ್ ಸೇರಿ ಆಕೆ ನಾಲ್ಕು ಚಿನ್ನ ತಂದರು.

ಈಜಿಪ್ಟಿನ ಇಬ್ರಾಹಿಂ ಹಮಟೊ ನೆನಪಾದಾಗ ಮಾತ್ರ ನನಗೆ ನಗು ಬರಲಿಲ್ಲ. ಎರಡೂ ಕೈ ಇಲ್ಲದ ಆಟಗಾರ. ಕಾಲಿನ ಬೆರಳಲ್ಲಿ ಬಾಲ್ ಮೇಲಕ್ಕೆ ಚಿಮ್ಮಿಸಿ, ಬಾಯಲ್ಲಿ ಕಚ್ಚಿಹಿಡಿದ ಬ್ಯಾಟಿನಿಂದ ಸರ್ವ್ ಮಾಡುತ್ತಾರೆ. ಪ್ಯಾರಾಲಿಂಪಿಕ್ಸ್‌ವರೆಗೆ ಹೋದವರು. ನಮ್ಮಲ್ಲಿ ಸಹಿಯ ಕಾಲಂ ದಾಟಲು ಆಗುತ್ತಿರಲಿಲ್ಲ.

ಅರ್ಧ ಗಂಟೆಯ ನಿಯಮವಂತೂ ಪೋಲೆಂಡಿನ ಅರ್ಲಿಕ್, ರೊಮೇನಿಯಾದ ಪಾನೆತ್ ಇಬ್ಬರನ್ನೂ ಮುಗಿಸಿಬಿಡುತ್ತಿತ್ತು. 1936ರಲ್ಲಿ ಪ್ರಾಗ್‌ನಲ್ಲಿ ಇವರು ಆಡಿದ ಮೊದಲ ಪಾಯಿಂಟ್ ಒಂದೇ ಎರಡು ತಾಸಿಗಿಂತ ಹೆಚ್ಚು ಹೊತ್ತು ನಡೆಯಿತು. ಪಂದ್ಯವಲ್ಲ, ಒಂದು ಪಾಯಿಂಟ್! ನಮ್ಮ ಕಡೆ ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಪಟ್ಟು ಬಿಡದೆ ಕೂತ ಹಾಗೆ. ಅಂಥ ಆಟ ಬೇಡವೇ ಬೇಡ ಅಂತ ಆಮೇಲೆ ಸಮಯದ ಮಿತಿ ತಂದರು. ನಮ್ಮವರು ಇದನ್ನು ಓದಿದರೆ, ‘ನೋಡಿ, ನಮ್ಮ ನಿಯಮವೂ ಅದೇ’ ಎನ್ನುತ್ತಾರೆ.

ಸ್ವೀಡನ್ನಿನ ವಾಲ್ಡ್ನರ್ ಹೆಸರು ಹೇಳದಿದ್ದರೆ ಅಕ್ಕನ ಮಗ ಬೈತಾನೆ. 1989 ಮತ್ತು 1997ರ ವಿಶ್ವ ಚಾಂಪಿಯನ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿಗೆ ಸಿಕ್ಕ ಒಂದೇ ಚಿನ್ನ ಅವರದ್ದು. ತಮ್ಮ ಹುಡುಗರನ್ನು ಸೋಲಿಸಿದವನನ್ನೇ ಚೀನಾದ ಜನ ‘ಲಾವೊ ವಾ’ ಅಂತ ಮನೆಯವನ ಹಾಗೆ ಕರೆದರು. ಅಂಥವರಿಗೂ ನಮ್ಮಲ್ಲಿ ಶಿಫಾರಸು ಪತ್ರ ಬೇಕಿತ್ತು. ಆರು ಒಲಿಂಪಿಕ್ ಚಿನ್ನದ ಮಾ ಲಾಂಗ್ ಆದರೂ ಅಷ್ಟೇ, ಬರುವಾಗ ಎರಡು ಫೋಟೊ ತರಬೇಕು.

ನಮ್ಮವರಿಗೆ ಕ್ರೀಡಾಭಿಮಾನ ಇಲ್ಲ ಅಂತಲ್ಲ ಮತ್ತೆ. ಪ್ಯಾರಿಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಕ್ವಾರ್ಟರ್ ಫೈನಲ್ ಮುಟ್ಟಿತಲ್ಲ, ಅಲ್ಲಿ ಜರ್ಮನಿ ಎದುರು ಸೋತರೂ ಒಂದು ಪಂದ್ಯ ಗೆದ್ದುಕೊಟ್ಟವರು ಬೆಂಗಳೂರಿನ ಅರ್ಚನಾ ಕಾಮತ್. ಮರುದಿನವೇ ಸಮಿತಿಯಲ್ಲಿ ಚರ್ಚೆ. ‘ಕಾಮತ್ ಅಂದ್ಮೇಲೆ ಮೂಲ ಕುಮಟೆ ಕಡೆಯೇ ಇರಬೇಕು.’ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಫ್ಲೆಕ್ಸ್ ಮಾತ್ರ ಬಂತು. ಅಭಿನಂದಿಸುವವರ ಫೋಟೊ ಹದಿನೆಂಟು. ಆಟಗಾರ್ತಿಯ ಫೋಟೊಕ್ಕೆ ಜಾಗ ಸಾಲಲಿಲ್ಲ. ಆ ಫ್ಲೆಕ್ಸೇ ಮೊನ್ನೆ ಹಪ್ಪಳದ ಅಡಿಗೆ ಹಾಸಿದ್ದ ಹಾಳೆ. ಒಂದು ಮೂಲೆ ಮಗುಚಿದಾಗ ಅಧ್ಯಕ್ಷರ ಮೀಸೆ ಕಂಡಿತು.

ಹುಡುಗ ಈಗ ಜಗುಲಿಯಲ್ಲೇ ಆಡುತ್ತಿದ್ದಾನೆ. ಎರಡು ಬೆಂಚು ಜೋಡಿಸಿ, ನಡುವೆ ಹಳೇ ಪಂಚಾಂಗಗಳನ್ನು ಸಾಲಾಗಿ ನಿಲ್ಲಿಸಿದ್ದಾನೆ. ಪಕ್ಕದ ಮನೆ ಹುಡುಗಿ ದಿನಾ ಬಂದು ಅವನನ್ನು ಸೋಲಿಸಿ ಹೋಗುತ್ತಾಳೆ.

ನಿನ್ನೆ ಉಸ್ತುವಾರಿಯವರ ಫೋನ್ ಬಂತು. ‘ಭಟ್ರೇ, ಭಾನುವಾರ ತಪ್ಪದೆ ಬರವು. ಸನ್ಮಾನ ಇಟ್ಕಂಡಿದ್ಯ.’

‘ಯಾರಿಗೆ?’

‘ಟೇಬಲ್ಲಿಗೆ. ಇಷ್ಟು ವರ್ಷ ಆದ್ರೂ ಒಂದು ಗೀರು ಇಲ್ಲೆ ನೋಡಿ. ಹೊಸದೇ ಇದ್ದಾಂಗೆ ಇದ್ದು. ಅಷ್ಟು ಚೆಂದ ಕಾಪಾಡಿದ್ಯ.’

ಶಾಲು ಹೊದಿಸುವುದು ಸುಲಭ. ಹಾರ ಎಲ್ಲಿಗೆ ಹಾಕುತ್ತೀರಿ ಅಂತ ಕೇಳಿದೆ.

‘ನೆಟ್ಟು ಕಟ್ಟಲೆ ಎರಡು ಬದಿಗೆ ಜಾಗ ಬಿಟ್ಟಿದ್ವಲ್ಲ,’ ಎಂದರು, ‘ಅಲ್ಲಿಂದ ಅಲ್ಲಿಗೆ.’