ಎಲ್ಲರಿಗೂ ಒಂದೇ 7 ಯಾಕೆ?
ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಪರೀಕ್ಷೆ, ಶೇ 7ರ ಒಳಗಿರಲಿ ಎಂದು ಸಕ್ಕರೆ ಕಾಯಿಲೆ ಬಗ್ಗೆ ನಾನು ಓದಿದ ಲೇಖನವೊಂದು ಎಲ್ಲರಿಗೂ ಹೇಳಿಬಿಟ್ಟಿದೆ. 75 ದಾಟಿ, ಕಿಡ್ನಿಯೂ ಸೋತ ಅಜ್ಜಿಗೆ 8ರ ಆಸುಪಾಸು ಸಾಕು. ಅವರಿಗೆ ಹೆಚ್ಚಿನ ಅಪಾಯ ಸಕ್ಕರೆ ತೀರಾ ಇಳಿಯುವುದರಿಂದ. ಗ್ಲಿಬೆನ್‌ಕ್ಲಮೈಡ್‌ನಂಥ, ಸಕ್ಕರೆ ಇಳಿಸುವ ಹಳೆಯ ಮಾತ್ರೆ ಕಿಡ್ನಿ ನಿಧಾನವಾದಾಗ ದೇಹದಲ್ಲೇ ಉಳಿಯುತ್ತದೆ. ರಾತ್ರಿ ಊಟ ಬಿಟ್ಟರೆ ನಸುಕಿಗೆ ರಕ್ತದ ಸಕ್ಕರೆ 70 ಮಿ.ಗ್ರಾಂ/ಡೆ.ಲೀ. ಕೆಳಗೆ ಇಳಿಯಬಹುದು. ನಡುಕ, ಬೆವರು ಕಾಣದೆ ಬರೀ ಗೊಂದಲ, ತೊದಲು ಮಾತು ಇರಬಹುದು. ಮನೆಯವರು ಅರಳುಮರಳು ಅಂದುಕೊಳ್ಳುತ್ತಾರೆ! ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಹೆಂಗಸರಲ್ಲಿ ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಹಿಮೋಗ್ಲೋಬಿನ್ ನೋಡದೆ ಸಕ್ಕರೆ ಕಾಯಿಲೆಯ ಮಾತ್ರೆ ಏರಿಸಬಾರದು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವರು ಹೆರಿಗೆಯಾದ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆ ಮಾಡಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಹೋಗುವುದೇ ಇದು.